ಹುಲ್ಲಿನ ಕಾಗೆ

ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಮನೆಯ ಧೂಳು ಒರೆಸುವುದು ನನ್ನ ಪಾಲಿನ ಕೆಲಸವಾಗಿತ್ತು. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತ ಲಾರಿಗಳು ಹೊಸಪೇಟೆಯ ನಮ್ಮ ಓಣಿಯಾಚೆಯ ರಸ್ತೆಯಲ್ಲಿ ಒಂದರ ಹಿಂದೊಂದು ಹಾಯುತ್ತಿದ್ದ ವರ್ಷಗಳು ಅವು. ಕಿಟಕಿ ಮುಚ್ಚಿದರೂ ಕೆಂಪು ಪುಡಿ ಹೇಗೋ ಒಳಗೆ ಬಂದು ಕೂರುತ್ತಿತ್ತು. ಒರೆಸಿದ ಬಟ್ಟೆ ಹಿಂಡಿದರೆ ಬಕೆಟ್ಟಿನ ನೀರು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು. ಮೊದಲು ಪಡಸಾಲೆಯಲ್ಲಿ ತಾತನ ಪುಸ್ತಕದ ಕಪಾಟು, ಅದೂ ಸ್ನಾನವಾದ ಮೇಲೆ. ಅದರಲ್ಲಿ ಪುರಾಣಗಳು, ದಾರ ಕಟ್ಟಿದ ಹಳೆಯ ಪಂಚಾಂಗಗಳು. ಆಮೇಲೆ ಅಪ್ಪನ ಕಿಟಕಿಕಟ್ಟೆ. ಅಪ್ಪ ಸಂಡೂರಿನ ಒಂದು ಗಣಿಯಲ್ಲಿ ಭೂವಿಜ್ಞಾನಿಯಾಗಿದ್ದ. ಅವನು ತಂದ ಕಲ್ಲುಗಳು ಅಲ್ಲಿ ಸಾಲಾಗಿ ಇದ್ದವು. ಕಲ್ಲನ್ನು ಒರೆಸಿದರೆ ಅದರ ಧೂಳು ಹೋಯಿತೋ ಕಲ್ಲೇ ಸವೆಯಿತೋ ಎಂದು ನನಗೆ ಅನುಮಾನ. ಕೊನೆಗೆ ಅಡುಗೆಮನೆಗೆ ಹೊಂದಿಕೊಂಡ ಸಣ್ಣ ಕೋಣೆ. ಅದು ಮೊದಲು ಅಕ್ಕಿ ಬೇಳೆ ಇಡುವ ಕೋಣೆಯಾಗಿತ್ತು, ಆಮೇಲೆ ಅಪ್ಪನ ತಂಗಿ ಇಂದಿರತ್ತೆಯದಾಯಿತು. ಅಲ್ಲಿ ಒರೆಸುವುದಕ್ಕೆ ಹೆಚ್ಚೇನೂ ಇರಲಿಲ್ಲ. ಒಂದು ಟ್ರಂಕು, ಅದರ ಮೇಲೆ ವಾರಪತ್ರಿಕೆಗಳ ಅಟ್ಟಿ, ಬಸ್‌ಸ್ಟ್ಯಾಂಡಿನ ಹತ್ತಿರದ ಬಾಡಿಗೆ ಲೈಬ್ರರಿಯಿಂದ ತಂದ ದೆವ್ವದ ಕಾದಂಬರಿಗಳು.

ತಾತ ಕಾಲುವೆ ಆಫೀಸಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಸಂಜೆ ಗುಡಿಯ ಪಕ್ಕದ ಹಾಲ್‌ನಲ್ಲಿ ಪುರಾಣ ಹೇಳುತ್ತಿದ್ದರು. ಊರಿನ ಎಷ್ಟೋ ಜನ ಮಗುವಿನ ಹೆಸರಿಗೆ, ಮನೆಯ ಬಾಗಿಲಿನ ದಿಕ್ಕಿಗೆ, ಸತ್ತವರ ತಿಥಿಗೆ ಅವರನ್ನು ಕೇಳಿಯೇ ಮುಂದುವರಿಯುವವರು. ನಾನು ಓದುತ್ತಿದ್ದ ಹೈಸ್ಕೂಲಿನ ಆಡಳಿತ ಮಂಡಳಿಯಲ್ಲೂ ಅವರಿದ್ದರು. ಗ್ರಹಣ ಬರುವ ಮುಂಚೆ ಹಾಳೆಯ ಮೇಲೆ ಪೆನ್ಸಿಲಿನಿಂದ ಲೆಕ್ಕ ಹಾಕಿ, ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಹಿಡಿಯುತ್ತದೆ ಎನ್ನುತ್ತಿದ್ದರು. ಅಪ್ಪ ಕೈಗಡಿಯಾರ ಹಿಡಿದು ಅಂಗಳದಲ್ಲಿ ನಿಲ್ಲುತ್ತಿದ್ದ. ತಪ್ಪು ಸಿಕ್ಕಿದ್ದು ಒಮ್ಮೆಯೂ ಇಲ್ಲ. ಅದೇ ತಾತ ಸಂಜೆ ರಾಹು ಚಂದ್ರನನ್ನು ನುಂಗಿದ ಕತೆ ಹೇಳುತ್ತಿದ್ದರು. ನೆರಳಿನ ಲೆಕ್ಕ ಹಾಕಿದವರೂ ನೀವೇ, ರಾಹು ಅನ್ನುವವರೂ ನೀವೇ, ಯಾವುದು ನಿಜ ಎಂದು ಕೇಳಿದ್ದಕ್ಕೆ, ಲೆಕ್ಕ ಬೇರೆ ಕತೆ ಬೇರೆ, ಎರಡೂ ಖರೆ ಎಂದಿದ್ದರು. ನನಗೆ ಅರ್ಥವಾಗಲಿಲ್ಲ. ಅರ್ಥವಾಯಿತು ಎಂದು ತಲೆಯಾಡಿಸಿದೆ.

ಭಾನುವಾರ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ ಬೇಗ ಮುಗಿಯುತ್ತಿರಲಿಲ್ಲ. ತಾತ ಮಣೆಯ ಮೇಲೆ, ಅವರೆದುರು ಸ್ವಲ್ಪ ದೂರದಲ್ಲಿ ಅಪ್ಪ, ಗೋಡೆಯ ಪಕ್ಕ ನಾನು. ಅಮ್ಮ ಬಡಿಸುತ್ತಿದ್ದಳು. ಸಾರು ಅನ್ನದ ತನಕ ಶಾಂತಿ. ಮಜ್ಜಿಗೆ ಬರುವಷ್ಟರಲ್ಲಿ ವಾದ ಶುರು. ಒಮ್ಮೆ ಅಪ್ಪ ಊಟದ ನಡುವೆಯೇ ಎಡಗೈಯಲ್ಲಿ ಒಂದು ಕಲ್ಲು ತಂದಿಟ್ಟ. ಕೆಂಪು, ಬೂದು ಪಟ್ಟೆಗಳು ಮಡಿಸಿಟ್ಟ ಸೀರೆಯಂಚಿನ ಹಾಗೆ ಒಂದರ ಮೇಲೊಂದು ಕೂತಿದ್ದವು. ಇದು ಒಂದು ಕಾಲಕ್ಕೆ ಸಮುದ್ರದ ತಳ, ಆಗ ಮನುಷ್ಯನಿರಲಿ ಹುಲ್ಲುಕಡ್ಡಿಯೂ ಇರಲಿಲ್ಲ, ಕೋಟ್ಯಂತರ ವರ್ಷದ ಹಿಂದಿನ ಮಾತು ಎಂದ. ತಾತನಿಗೆ ಸಿಟ್ಟು ಬರುತ್ತದೆಂದು ನಾನು ಕಾದೆ. ಅವರು ಬೆರಳು ಮಡಿಸಿ ಮನ್ವಂತರಗಳನ್ನು ಎಣಿಸಿದರು.

"ನಿನ್ನ ಕೋಟಿ ವರ್ಷ ಬ್ರಹ್ಮನ ಒಂದು ಹಗಲಿಗೂ ಸಾಲೋದಿಲ್ಲ, ಸೀನಾ. ಸಮುದ್ರ ಇತ್ತು ಅಂತ ನಿನಗ ಈಗ ಗೊತ್ತಾಗೇದ. ನಾವು ಪ್ರಳಯ ಅಂತ ಮೊದಲಿಂದ ಹೇಳ್ಕೋತ ಬಂದೀವಿ."

ಅಪ್ಪ ಕಲ್ಲು ತೆಗೆದುಕೊಂಡು ಎದ್ದುಹೋದ. ಯಾರು ಗೆದ್ದರು ಎಂದು ಅಮ್ಮನನ್ನು ಕೇಳಿದರೆ, ಮೊದಲು ಎಲೆ ಎತ್ತು ಅಂದಳು. ಅವರಿಬ್ಬರೂ ಒಪ್ಪುತ್ತಿದ್ದ ಸಂಗತಿ ಒಂದೇ ಒಂದು: ಇಂದಿರತ್ತೆ ಓದುವ ಪುಸ್ತಕಗಳು ಕಸ. ದೆವ್ವವೇ ಇಲ್ಲ ಎಂದು ಅಪ್ಪ. ಪ್ರೇತಗಳು ಇವೆ, ಆದರೆ ಇವರು ಬರೆದ ಹಾಗಲ್ಲ ಎಂದು ತಾತ.

ಅತ್ತೆ ನಮ್ಮ ಮನೆಗೆ ಬಂದದ್ದು ಅವಳ ಗಂಡ ಗುರುರಾಜ ಮಾಮ ಹೋದ ಮೇಲೆ. ಅದಕ್ಕೂ ಮುಂಚೆ ಅವರಿಬ್ಬರು ಸಂಡೂರಿನಲ್ಲಿದ್ದರು. ಮಾಮನಿಗೆ ಅಪ್ಪನ ಗಣಿಯಲ್ಲೇ, ಅವನ ಕೈಕೆಳಗೇ ಸೂಪರ್‌ವೈಸರ್ ಕೆಲಸ; ಕೊಡಿಸಿದ್ದೂ ಅಪ್ಪನೇ. ಮಾಮ ಗಟ್ಟಿಯಾಗಿ ನಗುತ್ತಿದ್ದ, ತಾತನ ಮುಂದೆ ಮಾತ್ರ ಬಾಯಿ ಮುಚ್ಚಿಕೊಂಡು. ಒಂದು ದಿನ ಬೆಳಿಗ್ಗೆ ಅದಿರು ತುಂಬಿದ ಟಿಪ್ಪರ್‌ನಲ್ಲಿ ಡ್ರೈವರ್ ಪಕ್ಕ ಕೂತು ಇಳಿಯುತ್ತಿದ್ದಾಗ ಗಾಡಿ ಘಾಟಿನ ತಿರುವಿನಲ್ಲಿ ಮಗುಚಿತು. ಡ್ರೈವರ್ ಹಾರಿ ಉಳಿದುಕೊಂಡ, ಮಾಮ ಉಳಿಯಲಿಲ್ಲ. ರಾತ್ರಿ ಮಳೆಯಾಗಿತ್ತು, ದಾರಿ ಜಾರುತ್ತಿತ್ತು ಎಂದು ಕಂಪನಿಯವರು ಬಂದು ಹೇಳಿಹೋದರು. ಅವನ ಆಯುಷ್ಯ ಅಷ್ಟೇ ಇತ್ತು ಎಂದು ತಾತ ಹೇಳಿದರು. ಆ ದಿನಗಳಲ್ಲಿ ಅಪ್ಪ ಮಾತಾಡಿದ್ದು ನನಗೆ ನೆನಪೇ ಇಲ್ಲ. ದುಃಖಕ್ಕೆ ಎಂದುಕೊಂಡಿದ್ದೆ.

ಹತ್ತನೆಯ ದಿನದ ಕರ್ಮಕ್ಕೆ ಹಂಪಿಯ ನದಿದಂಡೆಗೆ ಹೋದೆವು. ಮಾಮನಿಗೆ ಮಕ್ಕಳಿರಲಿಲ್ಲ, ಕೊಪ್ಪಳದಿಂದ ಬಂದ ಅವನ ತಮ್ಮ ಕರ್ಮಕ್ಕೆ ಕೂತ. ಪುರೋಹಿತರಿದ್ದರೂ ತಾತ ಪಕ್ಕದಲ್ಲೇ ನಿಂತು ಒಂದೊಂದು ಮಂತ್ರವನ್ನೂ ತಿದ್ದಿದರು. ಅತ್ತೆಯ ಜೊತೆಗೆ ಯಾರಾದರೂ ಇರಲಿ ಎಂದು ಅಮ್ಮ ನನ್ನನ್ನು ಕಳಿಸಿದ್ದಳು. ಬಳೆ ಒಡೆಯುವುದು, ಕುಂಕುಮ ಒರೆಸುವುದು ಎಂದು ಮಾಮನ ಕಡೆಯ ಒಬ್ಬ ಮುದುಕಿ ಎದ್ದು ಬಂದಾಗ ತಾತ ಕೈ ಅಡ್ಡ ಹಿಡಿದರು. ಇದು ಶಾಸ್ತ್ರದಲ್ಲಿ ಎಲ್ಲಿದೆ ತೋರಿಸಿ, ಆಮೇಲೆ ಮುಟ್ಟಿ ಎಂದರು. ಮುದುಕಿ ಕೂತಳು. ಅತ್ತೆ ತಲೆಯೆತ್ತಿ ಒಮ್ಮೆ ತನ್ನ ಅಪ್ಪನನ್ನು ನೋಡಿದಳು.

ಕಾಗೆಗೆಂದು ಪಿಂಡವನ್ನು ಬಂಡೆಯ ಮೇಲೆ ಇಟ್ಟು ನಾವೆಲ್ಲ ಹಿಂದೆ ಸರಿದು ನಿಂತೆವು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ. ಬಿಸಿಲೇರಿತು. ನದಿಯಾಚೆ ಎರಡು ಕಾಗೆ ಕೂಗಿದವು, ಈ ಕಡೆ ಬರಲಿಲ್ಲ. ಮಾಮನ ತಮ್ಮ ಕೈಮುಗಿದು, ಅತ್ತಿಗೆಯನ್ನು ನಾವು ನೋಡಿಕೊಳ್ಳುತ್ತೇವೆ ಎಂದ. ಬರಲಿಲ್ಲ. ಅಷ್ಟರಲ್ಲಿ ಮೇಲಿನ ಗುಂಡುಬಂಡೆಯಿಂದ ಒಂದು ಹೆಣ್ಣು ಕೋತಿ, ಹೊಟ್ಟೆಗೆ ಮರಿ ಅಂಟಿಸಿಕೊಂಡು, ಅವಸರವಿಲ್ಲದೆ ಇಳಿದು ಬಂದು ಪಿಂಡ ಎತ್ತಿಕೊಂಡಿತು. ಓಡಿಹೋಗಲಿಲ್ಲ. ನಮ್ಮೆದುರೇ ಕೂತು, ಎಳ್ಳು ಒಂದೊಂದೇ ಆರಿಸಿ ತಿಂದಿತು. ಅದರ ಬೆರಳು, ಉಗುರು, ತಿನ್ನುವಾಗ ಹುಬ್ಬು ಗಂಟಿಕ್ಕುವ ರೀತಿ ಎಲ್ಲ ನನಗೆ ಯಾರನ್ನೋ ನೆನಪಿಸಿತು. ಯಾರನ್ನು ಎಂದು ಹೊಳೆಯಲಿಲ್ಲ. ಅತ್ತೆಯ ಗಂಟಲಿನಿಂದ ಒಂದು ಸದ್ದು ಬಂತು. ಅಳುವೋ ನಗುವೋ ಇವತ್ತಿಗೂ ಹೇಳಲಾರೆ.

ಪುರೋಹಿತರು ಕಲ್ಲು ಬೀಸಿ ಕೋತಿಯನ್ನು ಓಡಿಸಿದರು. ಇನ್ನೊಂದು ಪಿಂಡ ಮಾಡಿ ಇಟ್ಟದ್ದಾಯಿತು. ಕಾಗೆ ಬರಲೇ ಇಲ್ಲ. ಕೊನೆಗೆ ತಾತ ನಾಲ್ಕು ದರ್ಭೆಯ ಎಳೆ ತೆಗೆದುಕೊಂಡು ಮಡಿಸಿ, ಗಂಟು ಹಾಕಿ, ಕೊಕ್ಕಿನ ಹಾಗೆ ತುದಿ ಚೂಪು ಮಾಡಿ, ಅದನ್ನೇ ಕಾಗೆಯೆಂದು ಭಾವಿಸಿ ಪಿಂಡಕ್ಕೆ ಮುಟ್ಟಿಸಿದರು. ಹಾಗೆ ಮಾಡಬಹುದು ಎಂದು ಇದೆಯಂತೆ. ವಾಪಸು ಬರುವಾಗ ಜೀಪಿನಲ್ಲಿ ತಾತ ಅತ್ತೆಗೆ, ಎಲ್ಲ ಸರಿಯಾಗಿ ಮುಟ್ಟಿದೆ, ನೀನು ಚಿಂತೆ ಮಾಡಬೇಡ ಎಂದರು. ಅತ್ತೆ ಹೊರಗೆ ನೋಡುತ್ತಿದ್ದಳು. ಮಲಪನಗುಡಿ ದಾಟಿದ ಮೇಲೆ, ಅದು ಹುಲ್ಲಿನ ಕಾಗೆ ಅಲ್ಲವೇ ಎಂದು ತನಗೇ ಹೇಳಿಕೊಂಡಳು. ತಾತನಿಗೆ ಕೇಳಿಸಿತೋ ಇಲ್ಲವೋ.

ಅದಾಗಿ ಕೆಲವು ತಿಂಗಳಿಗೆ ಸ್ಕೂಲಿನಲ್ಲಿ ವನಜಾಕ್ಷಿ ಟೀಚರ್ ಜೀವವಿಕಾಸದ ಪಾಠ ತೆಗೆದರು. ಅವರು ದಿನಾ ಕಂಪ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲ ಪಿರಿಯಡ್ಡಿಗೆ ಬರುವಷ್ಟರಲ್ಲಿ ಬೆವರಿ ಸುಸ್ತಾಗಿರುತ್ತಿದ್ದರು. ಆದರೂ ಬೋರ್ಡಿನ ಮೇಲೆ ಒಂದು ಮರ ಬರೆದು, ಈ ಕೊಂಬೆ ಮಂಗಗಳು, ಈ ಕೊಂಬೆ ನಾವು, ಎರಡೂ ಒಂದೇ ಕಾಂಡದಿಂದ ಒಡೆದವು ಎಂದು ಹೇಳಿದಾಗ ಕ್ಲಾಸೆಲ್ಲ ಎಚ್ಚರವಾಯಿತು. ವಿಜ್ಞಾನ ಪ್ರದರ್ಶನಕ್ಕೆ ಆ ಮರದ ಚಾರ್ಟ್ ಮಾಡುವ ಕೆಲಸ ನನಗೆ ಬಂತು. ನಾನು ಬಣ್ಣದ ಪೆನ್ಸಿಲಿನಿಂದ ಕೋತಿಯ ಕೈ, ಮನುಷ್ಯನ ಕೈ ಅಕ್ಕಪಕ್ಕ ಬರೆಯುತ್ತಿದ್ದೆ. ಬರೆಯುತ್ತ ಬರೆಯುತ್ತ ನದಿದಂಡೆಯ ಆ ಹೆಣ್ಣು ಕೋತಿ ನೆನಪಾಗಿ, ಏನೋ ದೊಡ್ಡದು ಹೊಳೆದಂತಾಯಿತು. ಇಷ್ಟು ದಿನ ಕಾದಾಡುತ್ತಿದ್ದ ತಾತ, ಅಪ್ಪ ಇಬ್ಬರೂ ಹೇಳುವುದು ಒಂದೇ ಅಲ್ಲವೇ ಎನ್ನಿಸಿತು. ನಮ್ಮ ನೆಲ ಕಿಷ್ಕಿಂಧೆ ಎಂದು ತಾತ ಹೇಳುತ್ತಾರೆ, ಹಂಪಿಗೆ ಹೋದರೆ ಕೋತಿಗೆ ಕೈಮುಗಿಯುತ್ತಾರೆ. ಅವು ನಮ್ಮ ಬಳಗ ಎಂದು ಟೀಚರ್ ಹೇಳುತ್ತಾರೆ. ಶನಿವಾರ ಅರ್ಧ ದಿನದ ಸ್ಕೂಲು ಮುಗಿಸಿ ಬಂದವಳೇ ಊಟಕ್ಕೆ ಕೂತ ತಾತನ ಮುಂದೆ ಇದನ್ನು ಸುರಿದುಬಿಟ್ಟೆ. ಅತ್ತೆಗೆ ಸಮಾಧಾನವಾಗುತ್ತದೆ ಎಂಬ ಆಸೆಯೂ ಇತ್ತು.

"ಆವತ್ತು ಕೋತಿ ತಿಂತಲ್ಲ ತಾತ, ಅದು ನಮ್ಮ ಹಿರಿಯರ ಪೈಕಿ ಅಂದ್ರ, ಮಾಮನ ಪಿಂಡ ಮುಟ್ಟೋರಿಗೇ ಮುಟ್ಟಿದಂಗಾತಲ್ಲ?"

ತಾತನ ಕೈಯಲ್ಲಿದ್ದ ತುತ್ತು ಎಲೆಗೆ ಮರಳಿತು. ಕೋತಿ ನಮ್ಮ ಹಿರಿಯರು ಎಂದು ಯಾರು ಹೇಳಿದರು ಎಂದು ಮೆಲ್ಲಗೆ ಕೇಳಿದರು. ನಾನು ಹೆಮ್ಮೆಯಿಂದ ನೋಟ್‌ಬುಕ್ ತಂದು ತೋರಿಸಿದೆ. ನಿಜ ಹೇಳಬೇಕೆಂದರೆ ಟೀಚರ್ ಹಾಗೆ ಹೇಳಿರಲೇ ಇಲ್ಲ. ಈಗಿನ ಕೋತಿ ನಮ್ಮ ಹಿರಿಯನಲ್ಲ, ನಮಗೂ ಅದಕ್ಕೂ ಹಿರಿಯರು ಒಬ್ಬರೇ ಎಂದಿದ್ದರು. ನನ್ನ ತಲೆಯಲ್ಲಿ ಅದು ಕಲಸಿಹೋಗಿತ್ತು. ತಾತ ನೋಟ್‌ಬುಕ್ ಮುಟ್ಟಲಿಲ್ಲ. ನೀವೇ ಕೋತಿಗೆ ಕೈಮುಗಿಯುತ್ತೀರಲ್ಲ ಎಂದೆ. ಕೈ ಮುಗಿಯುವುದು ಭಕ್ತಿಗೆ, ಹುಟ್ಟಿಗಲ್ಲ ಎಂದರು. ಊಟ ಅರ್ಧಕ್ಕೆ ಬಿಟ್ಟು ಎದ್ದರು. ಅವರು ಹಾಗೆ ಎದ್ದದ್ದನ್ನು ನಾನು ಅದೇ ಮೊದಲು ನೋಡಿದ್ದು.

ಸೋಮವಾರ ತಾತ ಕರಿ ಕೋಟು, ಟೋಪಿ ಹಾಕಿಕೊಂಡು ಸ್ಕೂಲಿಗೆ ಬಂದರು. ಹೆಡ್‌ಮಾಸ್ತರ ಕೋಣೆಯಲ್ಲಿ ಅರ್ಧ ಗಂಟೆ ಇದ್ದರು. ಮಂಗಳವಾರ ವನಜಾಕ್ಷಿ ಟೀಚರ್ ಬಂದು, ಈ ಪಾಠವನ್ನು ನೀವೇ ಮನೆಯಲ್ಲಿ ಓದಿಕೊಳ್ಳಿ ಎಂದು ಮುಂದಿನ ಪಾಠ ತೆಗೆದರು. ನನ್ನ ಚಾರ್ಟ್ ಪ್ರದರ್ಶನಕ್ಕೆ ಹೋಗಲಿಲ್ಲ; ಅದರ ಬದಲು ತುಂಗಭದ್ರೆಯ ಟಿ.ಬಿ. ಡ್ಯಾಮಿನ ಮಾದರಿ ಇಟ್ಟರು. ಬಿಡುವಿನಲ್ಲಿ ಟೀಚರ್ ನನ್ನನ್ನು ಕರೆದರು. ಬೈಯುತ್ತಾರೆ ಎಂದು ಹೆದರಿ ಹೋದೆ.

"ನೀ ಕೇಳಿದ್ದು ತಪ್ಪಲ್ಲ ಬಿಡು. ಆದ್ರ ನಾ ಹೇಳಿದ್ದನ್ನ ಪೂರ್ತಿ ಕೇಳಿಸ್ಕೊಂಡು ಕೇಳಬೇಕಿತ್ತು."

ಅಷ್ಟೇ ಹೇಳಿ ಚಾರ್ಟನ್ನು ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಕಷ್ಟವಾಯಿತು. ತಾತನನ್ನೂ ಅಪ್ಪನನ್ನೂ ಕೂಡಿಸಲು ಹೋಗಿ ನಾನು ಟೀಚರ್ ಬಾಯಿ ಮುಚ್ಚಿಸಿದ್ದೆ. ತಪ್ಪು ತಾತನದೋ, ಟೀಚರದೋ, ನನ್ನದೋ ಎಂದು ದಾರಿಯುದ್ದಕ್ಕೂ ಯೋಚಿಸುತ್ತ ಮನೆಗೆ ಬಂದೆ.

ಆ ಭಾನುವಾರದ ಜಗಳ ಹಿಂದಿನವುಗಳ ಹಾಗಿರಲಿಲ್ಲ. ಅಪ್ಪ ಮಜ್ಜಿಗೆಗೆ ಕಾಯಲಿಲ್ಲ. ಸರ್ಕಾರದ ಪುಸ್ತಕದಲ್ಲಿರುವ ಪಾಠ ನಿಲ್ಲಿಸಲು ನೀವು ಯಾರು ಎಂದು ಕೇಳಿದ. ಮಕ್ಕಳಿಗೆ ಮೊದಲು ತಾವು ಯಾರ ವಂಶ ಎಂದು ತಿಳಿಯಲಿ, ಆಮೇಲೆ ಬೇಕಾದ್ದು ಓದಲಿ ಎಂದರು ತಾತ. ಹುಟ್ಟಿನಲ್ಲಿ ಮನುಷ್ಯನೂ ಮೃಗವೂ ಒಂದೇ ಎಂದ ಮೇಲೆ ಧರ್ಮ ಅಧರ್ಮದ ಮಾತು ಯಾರಿಗೆ ಹೇಳುವುದು, ಕೋತಿಗೆ ಹೇಳುವುದೇ ಎಂದು ಕೇಳಿದರು. ಆ ಪ್ರಶ್ನೆ ನನಗೆ ಸರಿಯೆನ್ನಿಸಿತು. ಅಪ್ಪ ಹೇಳಿದ್ದೂ ಸರಿಯೆನ್ನಿಸಿತು.

"ಖರೆ ಇದ್ದದ್ದನ್ನ ಮುಚ್ಚಿಟ್ಟು ಮಕ್ಕಳನ್ನ ಬೆಳೆಸಬಾರದು. ಎಷ್ಟೇ ಕಷ್ಟ ಆದ್ರೂ ಹೇಳಬೇಕು," ಎಂದ ಅಪ್ಪ.

ಅವತ್ತು ಬಡಿಸುತ್ತಿದ್ದವಳು ಅತ್ತೆ. ಅವಳು ಪಲ್ಯದ ಪಾತ್ರೆಯನ್ನು ಅಲ್ಲೇ ನೆಲಕ್ಕಿಟ್ಟು, ಅಪ್ಪನನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು. ಅಪ್ಪ ತಲೆ ತಗ್ಗಿಸಿದ. ಜಗಳ ಹಾಗೇ ನಿಂತಿತು. ಎಂದೂ ಸೋಲೊಪ್ಪದ ಅಪ್ಪ ಯಾರಿಗೆ ಸೋತ ಎಂದು ನನಗೆ ತಿಳಿಯಲಿಲ್ಲ.

ಅತ್ತೆ ಆ ದಿನಗಳಲ್ಲಿ ಓದುವುದನ್ನು ಕಡಿಮೆ ಮಾಡಿ ಬರೆಯತೊಡಗಿದ್ದಳು. ಮಧ್ಯಾಹ್ನ ಟ್ರಂಕಿನ ಮೇಲೆ ನನ್ನ ಹಳೆಯ ನೋಟ್‌ಬುಕ್ಕಿಟ್ಟುಕೊಂಡು, ಖಾಲಿ ಉಳಿದ ಹಾಳೆಗಳಲ್ಲಿ. ಏನು ಬರೆಯುತ್ತೀ ಎಂದರೆ ಸಾಮಾನಿನ ಪಟ್ಟಿ ಅನ್ನುತ್ತಿದ್ದಳು. ಬೇಸಿಗೆ ರಜೆ ಶುರುವಾದಾಗ ಒಂದು ದಿನ ತಾತ ಪುರಾಣ ಮುಗಿಸಿ ಬರುವಾಗ ಕೈಯಲ್ಲಿ ವಾರಪತ್ರಿಕೆ ಇತ್ತು. ನಿಮ್ಮ ಮಗಳ ಕತೆ ಬಂದಿದೆಯಲ್ಲ, ಭಾಳ ಚೆನ್ನಾಗಿ ಹೆದರಿಸ್ತಾಳೆ ಎಂದು ಯಾರೋ ಕೊಟ್ಟಿದ್ದರಂತೆ. ತಾತ ಅದನ್ನು ಕಪಾಟಿನಲ್ಲಿ ಪುರಾಣದ ಪಕ್ಕ ಇಟ್ಟರು. ಎರಡು ದಿನ ಅದು ಅಲ್ಲೇ ಇತ್ತು. ಭಾನುವಾರ ಊಟವಾದ ಮೇಲೆ ಎಲ್ಲರನ್ನೂ ಪಡಸಾಲೆಗೆ ಕರೆದು ಕೂರಿಸಿದರು. ಅವರ ಕಣ್ಣಿಗೆ ಪೊರೆ ಬಂದಿತ್ತು, ಸಣ್ಣ ಅಕ್ಷರ ಕಾಣುತ್ತಿರಲಿಲ್ಲ; ಮನೆಯಲ್ಲಿ ಪುರಾಣವನ್ನೂ ನಾನೇ ಓದಿ ಕೇಳಿಸುತ್ತಿದ್ದೆ. ಪತ್ರಿಕೆಯನ್ನು ನನ್ನ ಕೈಗೆ ಕೊಟ್ಟರು.

"ಓದು ವೈಜೂ. ಒಂದು ಅಕ್ಷರ ಬಿಡಬ್ಯಾಡ. ಪೂರ್ತಿ ಕೇಳದ ನಾ ಏನೂ ಅನ್ನೋದಿಲ್ಲ."

ನಾನು ಅತ್ತೆಯ ಮುಖ ನೋಡಿದೆ. ಅವಳು ಕಂಬಕ್ಕೆ ಒರಗಿ ಕೂತು ತಲೆಯಾಡಿಸಿದಳು. ತಾತ ಪುರಾಣ ಕೇಳುವಾಗಿನಂತೆ ಕಣ್ಣು ಮುಚ್ಚಿಕೊಂಡರು. ಅಪ್ಪ ಕಿಟಕಿಯ ಹತ್ತಿರ, ಕಲ್ಲುಗಳಿಗೆ ಬೆನ್ನು ಮಾಡಿ ನಿಂತಿದ್ದ. ಅಮ್ಮ ಬಾಗಿಲಲ್ಲಿ.

ಕತೆಯಲ್ಲಿ ಒಬ್ಬ ಹೆಂಗಸು. ನಡು ಮಧ್ಯಾಹ್ನ, ಬಿಸಿಲು ಹೊಡೆಯುವ ಹೊತ್ತಿಗೆ, ಅವಳ ಸತ್ತ ಗಂಡ ಬಂದು ಬಾಗಿಲು ತಟ್ಟುತ್ತಾನೆ. ಮೈಯೆಲ್ಲ ಕೆಂಪು ಧೂಳು. ಅವಳು ಹೆದರುವುದಿಲ್ಲ. ಬಾಗಿಲು ತೆಗೆದು ಚೊಂಬು ನೀರು ಕೊಡುತ್ತಾಳೆ. ನಿಮಗೆ ಎಲ್ಲ ಕರ್ಮ ಸರಿಯಾಗಿ ಮಾಡಿದೆವಲ್ಲ, ಮುಟ್ಟಲಿಲ್ಲವೇ ಎಂದು ಕೇಳುತ್ತಾಳೆ. ಹುಲ್ಲಿನ ಕಾಗೆಗೆ ಹಸಿವಿರುತ್ತದೇನೇ ಎಂದು ಅವನು ನಗುತ್ತಾನೆ. ಮಾಮನ ನಗುವೇ ಅದು. ತಾತ ಕಣ್ಣು ತೆರೆಯಲಿಲ್ಲ. ನಾಲ್ಕು ದಿನ ಹೀಗೇ ಬರುತ್ತಾನೆ. ಐದನೆಯ ದಿನ ಅವಳು, ಏನು ಬೇಕಾಗಿ ಬರುತ್ತೀರಿ ಎಂದು ಕೇಳುತ್ತಾಳೆ. ಆಗ ಅವನು ಹೇಳುವ ಮಾತನ್ನು ನಾನು ಪುರಾಣ ಓದುವ ರಾಗದಲ್ಲೇ, ಏನೂ ತಿಳಿಯದೆ, ಗಟ್ಟಿಯಾಗಿ ಓದಿದೆ.

"ಗಾಡಿಯ ಬ್ರೇಕು ಹಿಡೀತಿಲ್ಲ ಅಂತ ನಿಮ್ಮಣ್ಣಗ ಎರಡು ದಿನ ಮೊದಲೇ ಹೇಳಿದ್ದೆ. ಯಾಕ ಸುಮ್ಮನಾದ ಅಂತ ಕೇಳಿ ಬಾ. ನಾ ಇಲ್ಲೇ ಕುಂತಿರ್ತೀನಿ."

ಓದಿದ ಮೇಲೆ ನನಗೇ ಕೇಳಿಸಿತು. ದನಿ ನಿಂತಿತು. ಅಪ್ಪ ಕಿಟಕಿಯ ಸರಳು ಹಿಡಿದುಕೊಂಡ. ಓದು ಎಂದರು ತಾತ. ಉಳಿದದ್ದು ಅರ್ಧ ಪುಟ ಮಾತ್ರ. ಹೆಂಗಸು ಅಣ್ಣನ ಕೋಣೆಯ ತನಕ ಹೋಗುತ್ತಾಳೆ, ಕೇಳಲಾಗದೆ ಮರಳುತ್ತಾಳೆ, ಬಾಗಿಲಲ್ಲಿ ಗಂಡ ಇನ್ನೂ ಕೂತಿರುತ್ತಾನೆ. ಕತೆ ಅಷ್ಟಕ್ಕೇ ಮುಗಿದಿತ್ತು. ಪತ್ರಿಕೆ ಮಡಿಸಿ ತೊಡೆಯ ಮೇಲಿಟ್ಟುಕೊಂಡು ನಾನು ಕೂತೆ.

ತಾತ ಮೊದಲು ಶಾಸ್ತ್ರದ ಮಾತನ್ನೇ ಆಡಿದರು. ಹನ್ನೆರಡನೆಯ ದಿನ ಸಪಿಂಡಿಯಾಗಿ ಪಿತೃಗಳ ಜೊತೆ ಸೇರಿದ ಮೇಲೆ ಪ್ರೇತತ್ವ ಇರುವುದಿಲ್ಲ, ಹೀಗೆ ಬರೆಯುವುದು ತಪ್ಪು, ತಾನು ನಿಂತು ಮಾಡಿಸಿದ ಕರ್ಮ ಮುಟ್ಟಿಲ್ಲ ಎಂದು ಊರಿಗೆಲ್ಲ ಸಾರಿದ ಹಾಗಾಯಿತು ಎಂದರು. ಹೇಳುತ್ತ ಹೇಳುತ್ತ ಅವರ ದನಿ ಸಣ್ಣದಾಯಿತು. ಕೊನೆಗೆ ತಾತ ಕಿಟಕಿಯ ಕಡೆ ತಿರುಗಿದರು.

"ಸೀನಾ. ಅವ ನಿನಗ ಹೇಳಿದ್ದನೇನು?"

ಅಪ್ಪ ಸರಳಿನಿಂದ ಕೈ ತೆಗೆದ. ಇಲ್ಲ ಅನ್ನುತ್ತಾನೆ, ಇದು ಬರೀ ಕತೆ ಅನ್ನುತ್ತಾನೆ ಎಂದು ನಾನು ಕಾಯುತ್ತಿದ್ದೆ. ದೆವ್ವ ಹೇಳಿದ ಮಾತು ನಿಜವಾಗಬಾರದು ಎಂದು ನನ್ನ ಬೇಡಿಕೆ.

"ಹೇಳಿದ್ದ," ಎಂದ ಅಪ್ಪ. "ಈ ವಾರ ಲೋಡು ನಿಲ್ಲಿಸ್ಲಿಕ್ಕೆ ಆಗೋದಿಲ್ಲ, ಮುಂದಿನ ವಾರ ವರ್ಕ್‌ಶಾಪಿಗೆ ಕಳಸೋಣ ಅಂದೆ. ಮ್ಯಾಲಿನವರು ನನಗ ಅಂದದ್ದನ್ನ ನಾ ಅವಗ ಅಂದೆ."

ಅತ್ತೆ ಆಗ ಹೇಳಿದಳು: ಮಾಮ ಸಾಯುವ ಹಿಂದಿನ ದಿನ ಊಟಕ್ಕೆ ಕೂತಾಗ ತನಗೂ ಇದನ್ನು ಹೇಳಿದ್ದ. ಮೊದಲ ದಿನದಿಂದ ತನಗೆ ಗೊತ್ತಿತ್ತು. ಅಣ್ಣ ತಾನಾಗಿ ಹೇಳುತ್ತಾನೆ ಎಂದು ಕಾದೆ ಎಂದಳು. "ಅವರು ಎಲ್ಲಿಗೆ ಹೋದ್ರು ಅಂತ ನೀವು ದಿನಾ ಹೇಳಿದ್ರಿ," ಎಂದು ತಾತನಿಗೆ ಹೇಳಿದಳು. "ಹೆಂಗ ಹೋದ್ರು ಅಂತ ಒಬ್ಬರೂ ಹೇಳಲಿಲ್ಲ. ಬಾಯಿ ಬಿಟ್ಟು ಕೇಳ್ಲಿಕ್ಕೆ ನನಗ ಆಗ್ಲಿಲ್ಲ. ಅದಕ್ಕ ಅವರ ಕಡಿಂದ ಕೇಳಿಸಿದೆ."

ಯಾರೂ ಅಳಲಿಲ್ಲ. ಅಮ್ಮ ಒಳಗೆ ಹೋಗಿ ಕಾಫಿಗೆ ಇಟ್ಟಳು. ತಾತ ಆ ಸಂಜೆ ಪುರಾಣಕ್ಕೆ ಹೋಗಲಿಲ್ಲ; ಮೈ ಸರಿಯಿಲ್ಲ ಎಂದು ಹೇಳಿಕಳಿಸಿದರು. ನನಗೆ ಅಂದಿನಿಂದ ಯಾರ ಮಾತನ್ನು ನಂಬಬೇಕೆಂದು ತಿಳಿಯದಾಯಿತು. ದೆವ್ವವಿಲ್ಲ ಎಂದು ಅಪ್ಪ ಹೇಳಿದ್ದು ಸರಿ. ಆದರೆ ಅಪ್ಪ ಬಚ್ಚಿಟ್ಟದ್ದನ್ನು ಹೊರಗೆ ತೆಗೆದದ್ದು ಇಲ್ಲದ ಆ ದೆವ್ವವೇ. ಪಾಠ ನಿಲ್ಲಿಸಿದ ತಾತ ತಪ್ಪು ಎಂದು ಆಗಲೂ ಅನ್ನಿಸಿತ್ತು, ಈಗ ಬಳ್ಳಾರಿಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂರುವ ನನಗೆ ಖಂಡಿತ ಅನ್ನಿಸುತ್ತದೆ. ಆದರೆ ತನಗೆ ಅವಮಾನ ಮಾಡುವ ಕತೆಯನ್ನು ಒಂದಕ್ಷರ ಬಿಡದೆ ಕೇಳಿ, ಕೇಳಬೇಕಾದ ಪ್ರಶ್ನೆಯನ್ನು ಕೇಳಿದವರೂ ಅವರೇ. ಇವನ್ನೆಲ್ಲ ಕೂಡಿಸಿ ಒಂದು ಉತ್ತರ ಮಾಡಲು ಹಲವು ಸಲ ಪ್ರಯತ್ನಿಸಿ ಬಿಟ್ಟಿದ್ದೇನೆ.

ಅಪ್ಪ ಬ್ರೇಕಿನ ಸಂಗತಿಯನ್ನು ಬರೆದು, ಸಹಿ ಮಾಡಿ ಕಂಪನಿಗೆ ಕೊಟ್ಟ. ಅಲ್ಲಿಂದ ಉತ್ತರ ಬರಲಿಲ್ಲ. ಅಪ್ಪನನ್ನು ಗುಡ್ಡದಿಂದ ಇಳಿಸಿ ಹೊಸಪೇಟೆಯ ಆಫೀಸಿನಲ್ಲಿ ಕೂರಿಸಿದರು. ಕೆಲವು ವರ್ಷಕ್ಕೆ ಗಣಿಗಳೇ ನಿಂತವು. ಸ್ಕೂಲಿನ ವಿಷಯದಲ್ಲಿ ತಾತ ಕೊನೆಯ ತನಕ ಬದಲಾಗಲಿಲ್ಲ. ಆ ಪಾಠವನ್ನು ನಾನು ಕಾಲೇಜಿಗೆ ಹೋದ ಮೇಲೆ ಓದಿದೆ. ಕತೆ ಓದಿದ ಆ ಭಾನುವಾರದಿಂದ ಅತ್ತೆ ಅಪ್ಪನ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ತಾನಾಗಿ ಬಂದು, ಆ ತಿರುವು ತೋರಿಸು ಎಂದಳು.

ಅಪ್ಪ ಗೆಳೆಯನ ಜೀಪು ತಂದ. ಅತ್ತೆ ನನ್ನನ್ನೂ ಕರೆದಳು. ಯಾರೂ ಕರೆಯದಿದ್ದರೂ ತಾತ ಬಂದು ಮುಂದಿನ ಸೀಟಿನಲ್ಲಿ ಕೂತರು. ಘಾಟಿನ ತಿರುವಿನಲ್ಲಿ ಇಳಿದು ನಿಂತೆವು. ಅಪ್ಪ ಒಂದು ಕಡ್ಡಿ ಹಿಡಿದು, ಪಾಠ ಹೇಳುವವನ ಹಾಗೆ ತೋರಿಸಿದ: ಇಳಿಜಾರು ಶುರುವಾಗುವುದು ಇಲ್ಲಿಂದ, ಬ್ರೇಕು ಹಿಡಿಯಬೇಕಾದದ್ದು ಇಲ್ಲಿ, ಚಕ್ರ ದಾರಿ ಬಿಟ್ಟದ್ದು ಇಲ್ಲಿ. ಎಲ್ಲೂ ದನಿ ತಗ್ಗಿಸಲಿಲ್ಲ. ಕೊನೆಯ ಜಾಗ ತೋರಿಸಿ ಕಡ್ಡಿಯನ್ನು ಅಲ್ಲೇ ಕೆಳಗೆ ಹಾಕಿದ. "ಬ್ರೇಕು ಹಿಡೀಲಿಲ್ಲ ಅಂತ ಅವಗ ಗೊತ್ತಾಗಿತ್ತೇನು?" ಎಂದು ತಾತ ಕೇಳಿದರು. "ಗೊತ್ತಾಗಿರ್ತದ," ಎಂದ ಅಪ್ಪ. ತಾತ ತುಟಿ ಅಲುಗಿಸಿದರು, ಮಂತ್ರಕ್ಕೋ ಏನೋ, ಮತ್ತೆ ನಿಲ್ಲಿಸಿದರು.

ಅತ್ತೆ ರಸ್ತೆಯ ಅಂಚಿಗೆ ಹೋಗಿ ನಿಂತಳು. ನಾನು ಅವಳ ಸೆರಗು ಹಿಡಿದುಕೊಂಡೆ. ಇಳಿಯುವಾಗ ಈ ತಿರುವಿಗೆ ಬಂದರೆ ಡ್ಯಾಮಿನ ನೀರು ಕಾಣುತ್ತದೆ, ಒಂದು ದಿನ ಕರೆದುಕೊಂಡು ಹೋಗಿ ತೋರಿಸುತ್ತೇನೆ ಎಂದು ಮಾಮ ಹೇಳುತ್ತಿದ್ದನಂತೆ. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕೈಯನ್ನು ಕಣ್ಣಿಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ತಾತನಿಗೆ ಅಷ್ಟು ದೂರ ಕಾಣುವಂತಿರಲಿಲ್ಲ. ಅಪ್ಪ ನಮಗೆ ಬೆನ್ನು ಹಾಕಿ ನಿಂತಿದ್ದ.

"ನನ್ನ ಕಣ್ಣು ತುಂಬೇದ, ಏನೂ ತಿಳಿಯವಲ್ದು," ಎಂದಳು. "ನೀ ನೋಡಿ ಹೇಳು. ಕಾಣ್ತದೇನು?"

ನಾನು ನೋಡಿದೆ. ಗುಡ್ಡಗಳ ಸಂದಿನಲ್ಲಿ, ಬಹಳ ದೂರದಲ್ಲಿ, ಬೆಳ್ಳಗೆ ಏನೋ ಉದ್ದಕ್ಕೆ ಹೊಳೆಯುತ್ತಿತ್ತು. ಅದು ನೀರೋ, ಬಿಸಿಲಿಗೆ ಕಾದ ಬಯಲೋ, ಆಕಾಶದ್ದೇ ಅಂಚೋ ನನಗೆ ಗೊತ್ತಾಗಲಿಲ್ಲ.

"ಕಾಣ್ತದ ಅತ್ತೆ," ಎಂದೆ.